ಭೂಮಿಗೆ ಮೂರು ದಿನ ರಜೆ

ಫೆಬ್ರವರಿಗಾಗಿ ಯಾರೂ ಕಾಯುವುದಿಲ್ಲ. ಸಂಕ್ರಾಂತಿ ಮುಗಿದಿರುತ್ತದೆ, ಯುಗಾದಿ ಇನ್ನೂ ದೂರ. ಹೊಸ ವರ್ಷದ ದಿನ ಮಾಡಿದ ಶಪಥಗಳ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತದಿದ್ದರೆ ಒಳ್ಳೆಯದು ಅನ್ನುವ ಸ್ಥಿತಿ. ಚಳಿ ಪೂರ್ತಿ ಹೋಗಿಲ್ಲ, ಸೆಕೆ ಪೂರ್ತಿ ಬಂದಿಲ್ಲ.

ನಮ್ಮ ದಕ್ಷಿಣ ಕನ್ನಡದಲ್ಲಂತೂ ಇದು ಒಂಥರಾ ಕಿರಿಕಿರಿಯ ಕಾಲ. ಬೆಳಿಗ್ಗೆ ತೋಟದ ಮೇಲೆ ಮಂಜು, ಹತ್ತು ಗಂಟೆಗೆ ಬೆವರು. ಮೂಡುಗಾಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 4 ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದೂ ನಾಲ್ಕು ತಿಂಗಳಲ್ಲೇ ಸುರಿದು ಹೋಗುವ ಊರು ಇದು. ಅಷ್ಟು ನೀರು ಕುಡಿದ ಮುರಕಲ್ಲಿನ ಗುಡ್ಡೆಗೆ ಈಗ ಹಾರೆ ಹಾಕಿದರೆ ಠಣ್ ಅನ್ನುತ್ತದೆ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಟ್ಟ ಕಟ್ಟಿ ನೀರು ನಿಲ್ಲಿಸಿದವರಿಗೆ ಸ್ವಲ್ಪ ಧೈರ್ಯ. ಉಳಿದವರು ಬಾವಿಕಟ್ಟೆಯ ಹತ್ತಿರ ಹೋದಾಗಲೆಲ್ಲ ಸುಮ್ನೆ ಒಮ್ಮೆ ಒಳಗೆ ಇಣುಕುವ ಅಭ್ಯಾಸ ಶುರು ಮಾಡುತ್ತಾರೆ. ಎಷ್ಟು ಇಣುಕಿದರೂ ನೀರು ಜಾಸ್ತಿ ಆಗುವುದಿಲ್ಲ, ಅದು ಬೇರೆ ಮಾತು.

ಸರಿಯಾಗಿ ಇದೇ ಹೊತ್ತಿಗೆ ಭೂಮಿ ಮುಟ್ಟಾಗುತ್ತಾಳೆ.

ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಇದರ ಹೆಸರು ಕೆಡ್ಡಸ. ತುಳುವರ ತಿಂಗಳು ಸೂರ್ಯನ ಲೆಕ್ಕದ್ದು, ಹಾಗಾಗಿ ತಾರೀಕು ಹೆಚ್ಚು ಅಲುಗಾಡುವುದಿಲ್ಲ. ಮಕರ ಮುಗಿದು ಕುಂಭ ಹುಟ್ಟುವ ಹೊತ್ತು, ಅಂದರೆ ಫೆಬ್ರವರಿ 10ರ ಆಸುಪಾಸು ಮೂರು ದಿನ. ಸುರು ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ. ಈ ಮೂರು ದಿನ ಭೂಮಿಯನ್ನು ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ. ಹಸಿ ಗಿಡಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಹಿಂದೆ ಇದನ್ನು ಮನೆ ಮನೆಗೆ ಬಂದು ಹಾಡಿನ ಧಾಟಿಯಲ್ಲಿ ಹೇಳಿ ಹೋಗುವವರಿದ್ದರು, ಹಸಿ ಕಡಿಯಬೇಡಿ, ಒಣಗಿದ್ದು ಮುರಿಯಬೇಡಿ ಅಂತ. ಈಗ ಆ ಕೆಲಸವನ್ನು ವಾಟ್ಸಾಪ್ ಮಾಡುತ್ತದೆ, ಜೊತೆಗೆ ಒಂದು ಗುಲಾಬಿ ಹೂವಿನ ಚಿತ್ರ ಕೂಡ ಕಳಿಸುತ್ತದೆ. ಅದರ ಕೆಳಗೆ ‘ಕೆಡ್ಡಸದ ವೈಜ್ಞಾನಿಕ ಕಾರಣ’ ಅಂತ ಉದ್ದದ ಟಿಪ್ಪಣಿ. ಆ ಟಿಪ್ಪಣಿ ಓದಿದರೆ ನನಗೆ ನಗು ಬರುತ್ತದೆ. ದಣಿದವಳನ್ನು ಮೂರು ದಿನ ಮಲಗಲು ಬಿಡುವುದಕ್ಕೆ ವಿಜ್ಞಾನದ ಅಪ್ಪಣೆ ಯಾಕೆ ಬೇಕು ಮಾರಾಯ್ರೆ?

ಇದೇ ಮೂರು ದಿನಗಳಲ್ಲಿ ಗಂಡಸರು ಬೇಟೆಗೆ ಹೋಗುವ ಪದ್ಧತಿಯೂ ಇತ್ತು. ಗಿಡ ಕಡಿಯಬಾರದು, ಹಂದಿ ಹೊಡೆಯಬಹುದು. ಇದರ ತರ್ಕ ನನಗೆ ಇವತ್ತಿಗೂ ಹತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಂದಿಗಳಿಗೂ ಕಾಗದದ ಮೇಲೆ ರಜೆ ಸಿಕ್ಕಿದೆ.

ಇನ್ನು ತಿನ್ನುವ ವಿಷಯ. ಕೆಡ್ಡಸ ಅಂದರೆ ನನಗೆ ಮೊದಲು ನೆನಪಾಗುವುದು ಭೂಮಿಯಲ್ಲ, ಸುಳ್ಳು ಯಾಕೆ ಹೇಳಲಿ, ನನ್ನೆರಿ. ಕುಚ್ಚಲಕ್ಕಿಯನ್ನು ದಪ್ಪ ಬಾಣಲೆಯಲ್ಲಿ ಹಾಕಿ ಚಟಪಟ ಅನ್ನುವವರೆಗೆ ಹುರಿಯಬೇಕು. ಹುರುಳಿ, ಹೆಸರು ಬೇರೆ ಬೇರೆಯಾಗಿ ಹುರಿಯಬೇಕು. ಎಲ್ಲ ಒಟ್ಟಿಗೆ ಹಾಕಿದರೆ ಅಕ್ಕಿ ಅರಳುವಷ್ಟರಲ್ಲಿ ಹೆಸರು ಕಪ್ಪಾಗುತ್ತದೆ. ಆಮೇಲೆ ಹುಡಿ ಮಾಡಿ, ಬೆಲ್ಲ, ತೆಂಗಿನತುರಿ, ಎಳ್ಳು, ನೆಲಗಡಲೆ ಸೇರಿಸಿ ಕಲಸುವುದು. ಕೈ ಉದಾರವಾಗಿದ್ದವರು ತುಪ್ಪ ಹಾಕುತ್ತಾರೆ, ಗೇರುಬೀಜ ಹಾಕುತ್ತಾರೆ. ಹುರಿಯುವ ದಿನ ಮನೆಯಿಂದ ಹೊರಡುವ ಪರಿಮಳ ತೋಟದ ಆಚೆ ಬದಿಯವರೆಗೆ ಹೋಗುತ್ತದೆ, ಹಾಗಾಗಿ ಯಾರ ಮನೆಯಲ್ಲಿ ಯಾವಾಗ ಮಾಡಿದರು ಅನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. ತಿನ್ನುವುದಕ್ಕೆ ಒಂದೇ ನಿಯಮ, ಬಾಯಲ್ಲಿ ಹಾಕಿಕೊಂಡ ಮೇಲೆ ಮಾತಾಡಬಾರದು. ಮಾತಾಡಿದರೆ ಎದುರಿಗೆ ಕೂತವರ ಮೇಲೆಲ್ಲ ಹುಡಿ. ಮಕ್ಕಳು ಬೇಕಂತಲೇ ಬಾಯಿ ತುಂಬಿಕೊಂಡು ಒಬ್ಬರನ್ನೊಬ್ಬರು ನಗಿಸಲು ನೋಡುತ್ತಾರೆ. ಮಧ್ಯಾಹ್ನದ ಊಟಕ್ಕೆ ನುಗ್ಗೆಕಾಯಿ ಬದನೆ ಹಾಕಿದ ಪದಾರ್ಥ ಆಗಲೇಬೇಕು. ನುಗ್ಗೆ ಮರಗಳೂ ಇದನ್ನು ತಿಳಿದ ಹಾಗೆ ಆಗಲೇ ಕಾಯಿ ಬಿಟ್ಟಿರುತ್ತವೆ.

ಕಡೆ ಕೆಡ್ಡಸದ ಬೆಳಿಗ್ಗೆ ಭೂಮಿಗೆ ಸ್ನಾನ. ಅಂಗಳದಲ್ಲಿ ತುಳಸಿಕಟ್ಟೆಯ ಹತ್ತಿರ ಸೆಗಣಿ ಸಾರಿಸಿ, ಅಲ್ಲಿ ಒಂದೊಂದೇ ಇಡುತ್ತಾರೆ. ಎಣ್ಣೆ, ಸೀಗೆ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ. ಎಲೆಯ ಮೇಲೆ ನನ್ನೆರಿ. ಮನೆಯ ಹಿರಿ ಹೆಂಗಸು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ನೆಲಕ್ಕೆ ಬಿಡುತ್ತಾಳೆ. ಒಂದೊಂದು ಮನೆಯಲ್ಲಿ ಒಂದೊಂದು ಕ್ರಮ, ಆದರೆ ಎಣ್ಣೆ ಬಿಡದ ಕೆಡ್ಡಸ ಇಲ್ಲ. ಮಂತ್ರ ಇಲ್ಲ, ಭಟ್ಟರು ಬರುವುದಿಲ್ಲ, ದಕ್ಷಿಣೆ ಇಲ್ಲ. ಕಾಲು ಗಂಟೆಯ ಕೆಲಸ. ಸಣ್ಣವಳಿದ್ದಾಗ ದೊಡ್ಡಮ್ಮನ ಹತ್ತಿರ ಕೇಳಿದ್ದೆ, ಭೂಮಿ ತಲೆ ಬಾಚಿಕೊಳ್ಳುವುದು ಹೇಗೆ ಅಂತ. “ಅದು ಅವಳ ಕೆಲಸ, ಇಡುವುದು ನಮ್ಮ ಕೆಲಸ. ನೀನು ಆಚೆ ಹೋಗು” ಅಂದಿದ್ದರು.

ನನಗೆ ಈ ಹಬ್ಬ ಯಾಕೆ ಇಷ್ಟ ಅಂದರೆ, ಇಲ್ಲಿ ಯಾರೂ ಭೂಮಿಯ ಹತ್ತಿರ ಏನೂ ಕೇಳುವುದಿಲ್ಲ. ಗಮನಿಸಿ ನೋಡಿ. ನಾವು ಮಾಡುವ ಪೂಜೆಗಳಲ್ಲಿ ಮುಕ್ಕಾಲು ಪಾಲು ಅರ್ಜಿಗಳೇ. ಪರೀಕ್ಷೆ ಪಾಸಾಗಲಿ, ಸಂಬಂಧ ಕೂಡಲಿ, ಸೈಟಿನ ಕೇಸು ಗೆಲ್ಲಲಿ. ಕೆಡ್ಡಸದಲ್ಲಿ ಬೆಳೆ ಚೆನ್ನಾಗಿ ಕೊಡಮ್ಮಾ ಅಂತಲೂ ನಮ್ಮ ಮನೆಯಲ್ಲಿ ಕೇಳಿದ್ದು ನಾನು ಕಂಡಿಲ್ಲ. ಮಳೆಗಾಲದ ಎಣೆಲು ಭತ್ತದ ಬೆಳೆ ಕೊಟ್ಟಿದ್ದಾಳೆ, ಸುಗ್ಗಿ ಬೆಳೆಯೂ ಮುಗಿಯುತ್ತ ಬಂದಿದೆ, ಸಾಕಾಗಿದೆ ಅವಳಿಗೆ, ಸ್ವಲ್ಪ ಎಣ್ಣೆ ಹಚ್ಚಿಕೊಂಡು ಬಿಸಿನೀರು ಮಿಂದು ಮಲಗಲಿ. ಅಷ್ಟೇ. ಜನವರಿಯಲ್ಲಿ ಎಲ್ಲರೂ ಎದ್ದೇಳು, ಓಡು, ಗುರಿ ಇಟ್ಟುಕೋ ಅಂತ ಹೇಳಿ ಹೇಳಿ ಸುಸ್ತು ಮಾಡಿಸಿದ ಮೇಲೆ, ಭೂಮಿಯೇ ಫೆಬ್ರವರಿಯಲ್ಲಿ ರಜೆ ಹಾಕುತ್ತಾಳೆ, ಅದು ಕ್ಯಾಲೆಂಡರಿನಲ್ಲೇ ಇದೆ ಅನ್ನುವುದು ನನಗೆ ತುಂಬ ಸಮಾಧಾನದ ಸಂಗತಿ. ದಣಿವೂ ಋತುವಿನ ಲೆಕ್ಕದಲ್ಲಿ ಸೇರಿದೆ, ಅಲ್ವಾ? ಅದರ ಆಚೆಗೆ ಇನ್ನೊಂದು ಬಿತ್ತನೆ ಇದೆ ಅಂತ ಗೊತ್ತಿದ್ದೇ ಈ ರಜೆ.

ಆದರೆ ಒಂದು ತಕರಾರು ಇದೆ, ಅದನ್ನು ಹೇಳದೆ ಬಿಡಲಾರೆ. ಭೂಮಿ ಮುಟ್ಟಾದರೆ ಎಣ್ಣೆ, ಸೀಗೆ, ಸಿಹಿ, ಕನ್ನಡಿ. ಅದೇ ಮನೆಯ ಹುಡುಗಿ ಮುಟ್ಟಾದರೆ ಮೂಲೆಯಲ್ಲಿ ಒಂದು ಚಾಪೆ, ಬೇರೆ ತಟ್ಟೆ, ಆ ಕಡೆ ಬರಬೇಡ, ಈ ಕಡೆ ಮುಟ್ಟಬೇಡ. ನಮ್ಮ ಕಾಲದಲ್ಲಿ ಹೀಗೇ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಭೂಮಿಗೆ ಕೊಟ್ಟ ಮರ್ಯಾದೆಯ ಅರ್ಧದಷ್ಟು ನಮಗೂ ಕೊಟ್ಟಿದ್ದರೆ ಸಾಕಿತ್ತು, ಬಾಚಣಿಗೆ ನಮ್ಮದೇ ಇತ್ತು. ಒಡಿಶಾದವರು ರಜ ಹಬ್ಬದಲ್ಲಿ ಇದನ್ನು ಸ್ವಲ್ಪ ಚೆನ್ನಾಗಿ ಮಾಡುತ್ತಾರೆ. ಜೂನ್ ಮಧ್ಯದಲ್ಲಿ ಅವರ ಭೂಮಿಗೂ ಹೀಗೇ ಮೂರು ದಿನ. ಆದರೆ ಆ ದಿನಗಳಲ್ಲಿ ಹುಡುಗಿಯರಿಗೂ ಕೆಲಸವಿಲ್ಲ, ಹೊಸ ಬಟ್ಟೆ ಹಾಕಿ ಉಯ್ಯಾಲೆ ಆಡುವುದೇ ಕೆಲಸ. ನಮ್ಮಲ್ಲಿ ಭೂಮಿ ಮಲಗಿದ್ದಾಗ ಹೆಂಗಸರು ಬಾಣಲೆ ಮುಂದೆ ನಿಂತು ಅಕ್ಕಿ ಹುರಿಯುತ್ತಿರುತ್ತಾರೆ.

ಚಳಿಗಾಲದ ಈ ತುದಿಯಲ್ಲಿ ನೆಲದ ಕಡೆ ತಿರುಗುವ ಬುದ್ಧಿ ನಮಗೆ ಮಾತ್ರ ಬಂದದ್ದಲ್ಲ. ಐರ್ಲೆಂಡಿನಲ್ಲಿ ಫೆಬ್ರವರಿ 1 ಇಂಬೋಲ್ಕ್. ಕುರಿಗಳ ಕೆಚ್ಚಲಲ್ಲಿ ಹಾಲು ಇಳಿಯುವ ಕಾಲ, ಬ್ರಿಜಿಡ್ ಎಂಬ ಸಂತಳ ದಿನ. ಜೌಗಿನ ಹುಲ್ಲು ತಂದು ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. 2023ರಿಂದ ಅಲ್ಲಿನ ಸರ್ಕಾರ ಅದಕ್ಕೆ ರಜೆಯನ್ನೂ ಕೊಟ್ಟಿದೆ. ಅವರದು ಬೆಳಕು ಬರಲಿ ಅಂತ ಕಾಯುವ ಹಬ್ಬ, ಅಷ್ಟು ಕತ್ತಲಲ್ಲಿ ತಿಂಗಳುಗಟ್ಟಲೆ ಕಳೆದವರಿಗೆ ಅದು ಸರಿಯೇ. ನಮಗೆ ಬೆಳಕಿನ ಕೊರತೆ ಇಲ್ಲ, ಇನ್ನೆರಡು ತಿಂಗಳಲ್ಲಿ ಬೇಡ ಅನ್ನುವಷ್ಟು ಬರುತ್ತದೆ.

ನನಗೆ ಇನ್ನೂ ಮಜಾ ಅನಿಸುವುದು ನಮ್ಮ ರಾಜ್ಯದೊಳಗಿನ ಲೆಕ್ಕ. ಕರಾವಳಿಯಲ್ಲಿ ಭೂಮಿ ಫೆಬ್ರವರಿಯಲ್ಲಿ ಮುಟ್ಟಾಗಿ ಮೀಯುತ್ತಾಳೆ. ಘಟ್ಟ ಹತ್ತಿ ಮಲೆನಾಡಿಗೆ ಹೋದರೆ ಅಕ್ಟೋಬರಿನ ಭೂಮಿ ಹುಣ್ಣಿಮೆಯ ದಿನ ಅವಳಿಗೆ ಸೀಮಂತ. ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ಗದ್ದೆಗೆ ಹೋಗಿ, ತೆನೆ ತುಂಬಿದ ಪೈರಿಗೆ ಬಯಕೆ ಊಟ ಬಡಿಸಿ ಬರುತ್ತಾರೆ. ಫೆಬ್ರವರಿಯಿಂದ ಅಕ್ಟೋಬರಿಗೆ ಎಣಿಸಿ ನೋಡಿ, ಎಂಟು ತಿಂಗಳು! ಡಿಸೆಂಬರಿಗೆ ಕೊಯ್ಲು. ಎರಡು ಸೀಮೆಯವರು ಕೂತು ಮಾತಾಡಿಕೊಂಡು ಮಾಡಿದ್ದಲ್ಲ, ಆದರೂ ಯಾವ ಡಾಕ್ಟರೂ ತಪ್ಪು ಹಿಡಿಯುವ ಹಾಗಿಲ್ಲ.

ನಾನೀಗ ಇರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಕೆಡ್ಡಸ ಮಾಡಲು ಇರುವ ದೊಡ್ಡ ತೊಂದರೆ ಭೂಮಿಯದ್ದೇ. ನಮ್ಮ ನೆಲದ ಕೆಳಗೆ ಇನ್ನೊಬ್ಬರ ಸೂರು, ಅದರ ಕೆಳಗೆ ಕಾರು, ಅದರ ಕೆಳಗೆ ಇನ್ನೊಂದಿಷ್ಟು ಕಾರು. ಬಾಲ್ಕನಿಯ ಕುಂಡಕ್ಕೆ ಎಣ್ಣೆ ಬಿಡುವುದು ಯಾಕೋ ಮೋಸ ಅನಿಸಿತು. ಈ ಸಲ ಬೆಳ್ಳಂಬೆಳಿಗ್ಗೆ ಕೆಳಗಿಳಿದು, ಗೇಟಿನ ಪಕ್ಕ ಉಳಿದಿರುವ ಚೂರು ಮಣ್ಣಿಗೆ ಹೋದೆ. ಗೇಟಿನ ಆಚೆ ರಸ್ತೆ ಅಗೆಯುತ್ತಿದ್ದರು. ಅವರಿಗೆ ಸುರು ಕೆಡ್ಡಸವೂ ಇಲ್ಲ, ಕಡೆ ಕೆಡ್ಡಸವೂ ಇಲ್ಲ. ಕಾವಲಿನವರು ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟಲು ನೋಡಿ ಹತ್ತಿರ ಬಂದರು.

“ಏನ್ ಹಾಕಾಕತ್ತೀರಿ ಮೇಡಮ್, ಇರುವಿಗೇನು?”

“ಇರುವೆಗಲ್ಲ, ಭೂಮಿಗೆ” ಅಂದೆ. ಅವರು ಗದಗಿನ ಕಡೆಯವರು. ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. “ನಮ್ಮ ಕಡಿ ಎಳ್ಳ ಅಮಾಸಿಗೆ ಹೊಲಕ್ಕ ಚರಗ ಚೆಲ್ತೀವ್ರಿ” ಅಂದರು. ಚರಗ ಅಂದರೆ ಭೂಮಿಗೆ ಎಡೆಯಾಗಿ ಹೊಲದಲ್ಲಿ ಚೆಲ್ಲುವ ಅಡುಗೆ. ಆಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುವುದು, ಮನೆಮಂದಿಯೆಲ್ಲ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದದ್ದು, ಎಲ್ಲ ಬಂತು. ಈ ಸಲ ಹೋಗಲು ರಜೆ ಸಿಗಲಿಲ್ಲವಂತೆ. ನನ್ನೆರಿ ಕೊಟ್ಟೆ. ಬಾಯಿಗೆ ಹಾಕಿಕೊಂಡು ಏನೋ ಹೇಳಲು ಹೋದರು, ಸಮವಸ್ತ್ರದ ಮೇಲೆಲ್ಲ ಹುಡಿ.

ಊರಿಗೆ ಫೋನ್ ಮಾಡಿದೆ. ಪುತ್ತೂರಿನ ಹತ್ತಿರ ನಮ್ಮ ಮಾವನ ತೋಟ ಇದೆ. ಎಲೆಚುಕ್ಕಿ ರೋಗ ಅಲ್ಲಿಗೂ ಬಂದಿದೆ. ಅಡಿಕೆ ಸೋಗೆಯ ಮೇಲೆ ಮೊದಲು ಸಣ್ಣ ಚುಕ್ಕಿ, ಆಮೇಲೆ ಚುಕ್ಕಿಗಳೆಲ್ಲ ಕೂಡಿ ಇಡೀ ಸೋಗೆ ಒಣಗುತ್ತದೆ. ಶಿಲೀಂಧ್ರದ ಕಾಟ, ಮದ್ದು ಹೊಡೆದರೂ ಗಾಳಿಯಲ್ಲಿ ಮತ್ತೆ ಬರುತ್ತದೆ. ಕೆಳಗಿನ ಬದಿಯ ಮರಗಳು ಹೋಗಿಯೇ ಬಿಟ್ಟವು. ಮಾವನಿಗೆ ಎಪ್ಪತ್ತು ದಾಟಿದೆ. ಆದರೂ ಹೋದ ಮರಗಳ ಜಾಗಕ್ಕೆ ಹೊಸ ಸಸಿ ಇಡುತ್ತೇನೆ ಅಂತ ಹೊರಟಿದ್ದಾರೆ. ಅಡಿಕೆ ಸಸಿ ಇಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು.

“ಗುಂಡಿ ತೋಡಿಸಿದಿರಾ ಮಾವಾ?” ಅಂತ ಕೇಳಿದೆ.

“ಎಂತ ಹೇಳ್ತೀ ಮಾರಾಯ್ತಿ, ಇವತ್ತು ಕೆಡ್ಡಸ. ಹಾರೆ ಮುಟ್ಟಿದರೆ ನಿನ್ನ ಅತ್ತೆ ಬಿಡ್ತಾಳಾ? ಮೂರು ದಿನದಿಂದ ಸುಮ್ನೆ ಕೂತಿದ್ದೇನೆ. ನಿಜ ಹೇಳಬೇಕಾದರೆ ಬೆನ್ನಿಗೆ ಒಳ್ಳೆ ಆರಾಮ ಆಯ್ತು.”

ರೋಗದ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗುಜ್ಜೆ (ಎಳೆ ಹಲಸು) ಆಗಿದೆ, ಮಾವಿನ ಮರ ಪೂರ್ತಿ ಹೂ ಬಿಟ್ಟಿದೆ, ಮಂಜು ಬಿದ್ದು ಉದುರದಿದ್ದರೆ ಈ ಸಲ ಉಪ್ಪಿನಕಾಯಿಗೆ ಬರಬಹುದು ಅಂದರು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ, ಗುಂಡಿಯಿಂದ ಗುಂಡಿಗೆ ಒಂಬತ್ತು ಅಡಿ ಅಂತ ಲೆಕ್ಕ ಎಲ್ಲ ಹೇಳಿದರು.

ಮರುದಿನ ಕೆಲಸದವರು ಬಂದು ಹಾರೆ ಹಾಕಿದ್ದಾರೆ. ಮೊದಲನೇ ಗುಂಡಿಯಲ್ಲೇ ದೊಡ್ಡ ಕಲ್ಲು ಸಿಕ್ಕಿತಂತೆ. ಕಲ್ಲು ಒಡೆಸುವುದಾ, ಗುಂಡಿಯನ್ನೇ ಆಚೆ ಸರಿಸುವುದಾ ಅಂತ ಮಾವನಿಗೂ ಅತ್ತೆಗೂ ಚರ್ಚೆ ನಡೆಯುತ್ತಾ ಇದೆ. ಸರಿಸಿದರೆ ಸಾಲು ತಪ್ಪುತ್ತದೆ, ಸಾಲು ತಪ್ಪಿದ ತೋಟ ನೋಡಲು ಚಂದ ಅಲ್ಲ ಅನ್ನುವುದು ಅತ್ತೆಯ ವಾದ.