ಕೆಜಿಎಫ್ ಚರಿತ್ರೆಗೆ ಶಾಲಾಮಕ್ಕಳ ಆನ್‌ಲೈನ್ ಮ್ಯೂಸಿಯಂ: ಬೇಕೇ, ಬೇಡವೇ?

ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಗಣಿ ಕಾರ್ಮಿಕರ ಮನೆಗಳಿಂದ ಮಾತು, ಫೋಟೋ, ಹಳೇ ಕಾಗದಗಳನ್ನು ಶಾಲಾಮಕ್ಕಳೇ ಕಲೆಹಾಕಿ ನೆಟ್ಟಿನಲ್ಲಿ ಮ್ಯೂಸಿಯಂ ಮಾಡಲಿ ಎಂಬುದು ಪ್ರಸ್ತಾವ.

ಪರ

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಅಂದು ನಲವತ್ತು ದಾಟಿದ್ದವರಿಗೆ ಈಗ ಅರವತ್ತೈದರ ಆಸುಪಾಸು. ಗಣಿಯ ಧೂಳು ಕುಡಿದ ಶ್ವಾಸಕೋಶಕ್ಕೆ ಅದು ಸಣ್ಣ ವಯಸ್ಸಲ್ಲ. ಸರ್ಕಾರ ಜಾಗ ನೋಡಿ, ಕಟ್ಟಡ ಕಟ್ಟಿ, ರಿಬ್ಬನ್ ಕತ್ತರಿಸುವ ಹೊತ್ತಿಗೆ ಹೇಳುವವರು ಯಾರು ಉಳಿದಿರುತ್ತಾರೆ?

ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ, ಇವೆಲ್ಲ ಪುಸ್ತಕದಲ್ಲಿವೆ. ಕೆಳಗೆ ಬಂಡೆ ಸಿಡಿದಾಗ ಮೇಲೆ ಕಾರ್ಮಿಕರ ಸಾಲುಮನೆಯ (ಲೈನ್ ಮನೆ) ಅಡುಗೆಕಟ್ಟೆಯಲ್ಲಿ ಪಾತ್ರೆ ಗಲಗಲ ಎಂದದ್ದು, ಅಜ್ಜಿ ಒಲೆ ಆರಿಸಿ ‘ಇವತ್ತು ಇವರದ್ದು ಯಾವ ಪಾಳಿ’ ಎಂದು ಲೆಕ್ಕ ಹಾಕಿದ್ದು ಪುಸ್ತಕದಲ್ಲಿ ಎಲ್ಲಿದೆ? ಅದನ್ನು ಹೊರಗಿನ ಸಂಶೋಧಕರಿಗೆ ಆಕೆ ಹೇಳುವುದಿಲ್ಲ, ಹೇಳಿದರೂ ಅರ್ಧ. ಮೊಮ್ಮಗಳು ಪಕ್ಕದಲ್ಲಿ ಕೂತು ಮನೆಮಾತಿನಲ್ಲೇ, ತಮಿಳೋ ತೆಲುಗೋ, ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಮಾತು ತಾನಾಗಿ ಬರುತ್ತದೆ.

ಇನ್ನು ನೋಡುವವರ ಮಾತು. ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಬದುಕು ರೈಲಿನಲ್ಲಿದೆ. ಮಾರಿಕುಪ್ಪದಲ್ಲಿ ನಸುಕಿನ ಗಾಡಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗ ರಾತ್ರಿ ಬಂದು ಮ್ಯೂಸಿಯಂ ಬಾಗಿಲು ತಟ್ಟಲಾರ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂಗಾರಪೇಟೆ ಬರುವಷ್ಟರಲ್ಲಿ ತನ್ನ ತಾತನ ಕಾಲದ ಒಂದು ಕಥೆ ಕೇಳಬಲ್ಲ.

ವಿರೋಧ

ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಬೇಡಿ ಎಂದು ಯಾರೂ ಅನ್ನುವುದಿಲ್ಲ. ಮಾಡಿ, ಇವತ್ತೇ ಮಾಡಿ. ತಕರಾರು ಇರುವುದು ಅದನ್ನು ತಂದು ನೆಟ್ಟಿಗೆ ಹಾಕಿ ‘ಮ್ಯೂಸಿಯಂ’ ಎಂದು ಬೋರ್ಡು ಬರೆಯುವುದಕ್ಕೆ.

ಶಾಲೆಯ ಪ್ರಾಜೆಕ್ಟಿನ ಆಯುಸ್ಸು ನಮಗೆ ಗೊತ್ತಿರುವುದೇ. ಅಂಕ ಬಂದವು, ಮಕ್ಕಳು ಪಿಯುಸಿಗೆ ಹೋದರು, ಮೇಷ್ಟ್ರಿಗೆ ವರ್ಗವಾಯಿತು, ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಅಷ್ಟರಲ್ಲಿ ಶಾಫ್ಟಿನ, ಅಂದರೆ ಗಣಿಗಿಳಿಯುವ ಬಾವಿಯ, ಮೇಲಿನ ಕಬ್ಬಿಣದ ಗೋಪುರ ಗುಜರಿಗೆ ಹೋಗುತ್ತಿದ್ದರೂ ‘ಫೋಟೋ ಇದೆಯಲ್ಲ’ ಅನ್ನಲು ಒಂದು ನೆಪ ಸಿಕ್ಕಿರುತ್ತದೆ. ಗಾಳಿ ಬೀಸಿದಾಗ ಸೈನೈಡ್ ದಿಬ್ಬದಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಯಿಂದ, ಎದ್ದು ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುವ ಬೂದುಬಣ್ಣದ ಪುಡಿ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಆ ದಿಬ್ಬ ಇನ್ನೂ ಚರಿತ್ರೆಯಾಗಿಲ್ಲ, ಊರವರು ಉಸಿರಾಡುವ ಗಾಳಿಯಾಗಿದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. 1930ರಲ್ಲಿ ಇದೇ ಊರಿನ ಗಣಿ ಕಾರ್ಮಿಕರು ಬೆರಳಚ್ಚು ಕೊಡುವುದಿಲ್ಲ ಎಂದು ಮುಷ್ಕರ ಹೂಡಿದ್ದರು. ಕಳ್ಳರಂತೆ ಬೆರಳೊತ್ತಬೇಕೇ ಎಂಬುದು ಅವರಿಗೆ ಮಾನದ ಪ್ರಶ್ನೆ. ಈಗ ಅವರ ಮರಿಮಕ್ಕಳು ಟ್ರಂಕಿನ ತಳದಿಂದ ಹಳೇ ಗುರುತಿನ ಚೀಟಿ ತೆಗೆದು, ಹೆಸರು, ಜಾತಿ, ಹೆಬ್ಬೆಟ್ಟಿನ ಸಮೇತ ಸ್ಕ್ಯಾನ್ ಮಾಡಿ ಜಗತ್ತಿಗೆಲ್ಲ ತೋರಿಸಲು ಹೊರಟಿದ್ದಾರೆ. ಹಾಗೆ ಮಾಡುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಬೇಕು ಎಂದು ನಾನು ನೋಡಿದ ಪ್ರಾಜೆಕ್ಟ್ ಶೀಟಿನಲ್ಲಿ ಎಲ್ಲೂ ಬರೆದಿರಲಿಲ್ಲ.