ಬರಕ್ಕೂ ಅದೇ ಹೊಲ, ನೆರೆಗೂ ಅದೇ ಹೊಲ

ನಮ್ಮದು ಮಾನ್ವಿ ತಾಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಡ್ಯಾಮಿನಲ್ಲಿ ನೀರು ಕಮ್ಮಿಯಾದರೆ ಮೊದಲು ಒಣಗುವುದು ನಮ್ಮ ಗದ್ದೆಗಳೇ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದವು. ಭತ್ತ ಹೊಡೆ ತುಂಬುವ ಹೊತ್ತಿಗೆ ಕಾಲುವೆ ನೀರು ನಮ್ಮ ತನಕ ಬರಲೇ ಇಲ್ಲ. ಎರೆ ಮಣ್ಣು ಕೈ ತೂರುವಷ್ಟು ಬಾಯಿ ಬಿಟ್ಟಿತ್ತು. ತೆನೆ ಹೊರಡುವ ದಿನಗಳಲ್ಲಿ ನೀರು ತಪ್ಪಿದರೆ ಮುಗೀತು, ತೆನೆ ಕಾಣುತ್ತದೆ, ಒಳಗೆ ಕಾಳಿರುವುದಿಲ್ಲ. ಅಪ್ಪ ಒಂದು ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ಊದಿದರು. ಜೊಳ್ಳೆಲ್ಲ ಹಾರಿ ಹೋಗಿ ನಾಲ್ಕೇ ಕಾಳು ಉಳಿದವು. ಅವನ್ನೂ ಅವರು ಚೆಲ್ಲಲಿಲ್ಲ, ಜೇಬಿಗೆ ಹಾಕಿಕೊಂಡರು.

ಮರುವರ್ಷ ಡ್ಯಾಮ್ ತುಂಬಿತು. ಸಾಲ ತಂದು ನಾಟಿಗೆ ಇಳಿದೆವು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟು) ಇಳಿಸಿದ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರಿಗೂ ಆ ಕೆಲಸಗಾರರಿಗೂ ಎಷ್ಟು ಕೈ ಮುಗಿದರೂ ಸಾಲದು. ಆಮೇಲೆ ಮಳೆ ಬಂತು, ಡ್ಯಾಮ್ ಮತ್ತೆ ತುಂಬಿತು. ಬೆಳೆ ಉಳಿಯಿತು.

ಹಾಗಂತ ನೀರು ಜಾಸ್ತಿಯಾದರೆ ಒಳ್ಳೆಯದು ಅಂತಲ್ಲ. 2009ರ ನೆರೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಕೊಯ್ಲಿಗೆ ಬಂದ ಭತ್ತ ಮಲಗಿ ನೀರಲ್ಲಿ ನಿಂತರೆ ಕೆಲವೇ ದಿನಕ್ಕೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಒಡೆದ ಹತ್ತಿ ಕಪ್ಪಾಗುತ್ತದೆ. ತೊಗರಿ ಬೇರು ಕೊಳೆತು ನಿಂತಲ್ಲೇ ಬಾಡುತ್ತದೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, ಬರ ಬೇರೆ ನೆರೆ ಬೇರೆ ಅಂತ ನಾವು ಲೆಕ್ಕ ಹಾಕುತ್ತೇವೆ. ಅದು ತಪ್ಪು ಅಂತ ನನಗನಿಸುತ್ತದೆ. ಮಲೆನಾಡಿನ ಕಡೆಯಿಂದ ಬರುವ ಕೆಂಪು ನೀರು ತನ್ನ ಜೊತೆ ಮಣ್ಣನ್ನೂ ತರುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗವೆಲ್ಲ ಹೂಳು. ನೆರೆ ಬಂದ ವರ್ಷ ಹಿಡಿಯಲು ಜಾಗವಿಲ್ಲದೆ ನೀರು ನದಿಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ನೀರಿಗೆ ನಾವು ರಸ್ತೆಗೆ ಇಳಿಯುತ್ತೇವೆ.

ಡ್ಯಾಮಿನಲ್ಲಿ ಹಿಡಿಯದ ನೀರು ನಿಲ್ಲಿಸಲು ಕೊಪ್ಪಳದ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಆಂಧ್ರ, ತೆಲಂಗಾಣ ಕೂಡ ಒಪ್ಪಬೇಕು, ಮುಳುಗುವ ಊರಿನವರ ಕಷ್ಟವೂ ಇದೆ, ಗೊತ್ತು. ಆದರೂ ಈ ವಿಷಯ ಚುನಾವಣೆಗೊಮ್ಮೆ ಎದ್ದು ಮಲಗಬಾರದು. ಮೂರೂ ರಾಜ್ಯಗಳು ಕೂತು ಮುಗಿಸಲಿ.

ಮುಂಗಾರು ಶುರುವಾದರೆ ಅಪ್ಪ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. "ಡ್ಯಾಮಿಗೆ ಇವತ್ತು ಎಷ್ಟು ಬಂತಪಾ?" ನಾನು ಒಳಹರಿವು ಹೇಳುತ್ತೇನೆ. ಅವರು ಸಸಿ ಮಡಿ ಹಾಕಬೇಕೋ ಬೇಡವೋ ಅಂತ ಅದರ ಮೇಲೆ ನಿರ್ಧಾರ ಮಾಡುತ್ತಾರೆ.