ಪ್ರಥಮ ಪೂಜೆಯ ಮಾತ್ರೆ

ನಮ್ಮಲ್ಲಿ ಯಾವ ಶುಭಕಾರ್ಯವಾದರೂ ವಿಘ್ನೇಶ್ವರನ ಪೂಜೆಯಿಂದಲೇ ಆರಂಭವಾಗುವಂತೆ, ಯಾವ ಕಾಯಿಲೆಯ ಔಷಧ ಚೀಟಿಯಾದರೂ ‘ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ’ ಎಂಬ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯ ಸಾಲಿನಿಂದಲೇ ಆರಂಭವಾಗಬೇಕೆಂಬ ಸಂಪ್ರದಾಯ ಈಗ ಚೆನ್ನಾಗಿ ಬೇರೂರಿದೆ. ಜ್ವರವೆಂದು ಹೋದವರಿಗೆ ಅದು ಸಿಗುತ್ತದೆ, ಹಲ್ಲು ಕೀಳಿಸಿಕೊಂಡವರಿಗೆ ಸಿಗುತ್ತದೆ, ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಸಿಕೊಂಡವರಿಗೂ ಸಿಗುತ್ತದೆ. ರೋಗ ಯಾವುದೆಂದು ವೈದ್ಯರು ಇನ್ನೂ ಯೋಚಿಸುತ್ತಿರುವಾಗಲೇ ಅವರ ಪೆನ್ನು ಈ ಸಾಲನ್ನು ಬರೆದು ಮುಗಿಸಿರುತ್ತದೆ. ಆ್ಯಂಟಿಬಯಾಟಿಕ್ ಎದುರು ಐದು ದಿನವೆಂದೂ ನೋವಿನ ಮಾತ್ರೆಯ ಎದುರು ಮೂರು ದಿನವೆಂದೂ ಬರೆದಿರುವ ಚೀಟಿಯಲ್ಲಿ, ಇದರ ಎದುರು ಮಾತ್ರ 1-0-0 ಎಂದಷ್ಟೇ ಇರುತ್ತದೆ. ಆರಂಭವುಂಟು, ಅಂತ್ಯವಿಲ್ಲ.

ಇದು ಕೇವಲ ಅಸೂಯಾಪರರ ಗೊಣಗಾಟವೆಂದು ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲಕ್ಕೆ ಸೇರಿದ ಸಂಶೋಧಕರು 2019–20ರ ಅವಧಿಯಲ್ಲಿ ದೇಶದ 13 ದೊಡ್ಡ ಆಸ್ಪತ್ರೆಗಳ 4,838 ಔಷಧ ಚೀಟಿಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಸುಮಾರು ಶೇ 45ರಷ್ಟು ಚಿಕಿತ್ಸಾ ಮಾರ್ಗಸೂಚಿಯಿಂದ ಆಚೀಚೆ ಸರಿದಿದ್ದವು. ಸುಮಾರು ಶೇ 10ರಷ್ಟಂತೂ ಒಪ್ಪಲಾಗದಷ್ಟು ದೂರ ಸರಿದಿದ್ದವು. ಹೀಗೆ ದಾರಿ ತಪ್ಪಿದ ಚೀಟಿಗಳಲ್ಲಿ ಪದೇ ಪದೇ ಮುಖ ತೋರಿಸಿದ್ದು ಪ್ಯಾಂಟೊಪ್ರಜೋಲ್ ಮತ್ತು ಅದರದೇ ಕುಲದ ರಾಬೆಪ್ರಜೋಲನ್ನು ವಾಂತಿ ತಡೆಯುವ ಡೊಂಪೆರಿಡೋನಿನೊಂದಿಗೆ ಬೆರೆಸಿದ ಜೋಡಿ. ವರದಿಯನ್ನು ಓದಿ ಎದೆಯುರಿ ಬಂದವರು ಯಾವ ಮಾತ್ರೆ ನುಂಗಿದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಔಷಧದ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಈ ಕುಲದ ಹಿರಿಯಣ್ಣನಾದ ಒಮೆಪ್ರಜೋಲ್ ಸ್ವೀಡನ್ನಿನಲ್ಲಿ ಹುಟ್ಟಿ 1988ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಹಿಂದಿನ ದಶಕಗಳಲ್ಲಿ ಹೊಟ್ಟೆಯ ಹುಣ್ಣು ಉಲ್ಬಣಿಸಿದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವುದು ಸಾಮಾನ್ಯ ಚಿಕಿತ್ಸೆಯಾಗಿತ್ತು. ರಕ್ತ ಒಸರುವ ಹುಣ್ಣಿದ್ದವರಿಗೆ, ಆಮ್ಲ ಮೇಲೇರಿ ಅನ್ನನಾಳ ಬೆಂದವರಿಗೆ, ವಯಸ್ಸಾಗಿ ಆಸ್ಪಿರಿನ್ ಬಿಡಲಾಗದವರಿಗೆ ಈ ಮಾತ್ರೆ ಇಂದಿಗೂ ಜೀವ ಉಳಿಸುವಂಥದ್ದು. ಅಂಥವರು ಈ ವಿಡಂಬನೆಯನ್ನು ನಂಬಿ ಮಾತ್ರೆ ಬಿಟ್ಟರೆ ನಾವು ಹೊಣೆಯಲ್ಲ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಪ್ರೋಟಾನ್ ಪಂಪುಗಳಿಗೆ ಅಂಟಿಕೊಂಡು ಅವನ್ನು ನಿಲ್ಲಿಸುವುದು ಅದರ ಕೆಲಸ. ಊಟದ ಹೊತ್ತಿಗೆ ಪಂಪುಗಳು ಚುರುಕಾಗುವುದರಿಂದ ಮಾತ್ರೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಮದುವೆಮನೆಯಲ್ಲಿ ಎರಡನೆಯ ಹೋಳಿಗೆಗೂ ತುಪ್ಪ ಹಾಕಿಸಿಕೊಂಡು, ಕೈತೊಳೆದ ಮೇಲೆ ಜೇಬಿನಿಂದ ತೆಗೆದು ನುಂಗುವ ಸೋದರಮಾವಂದಿರಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಕಾನೂನಿನ ಪ್ರಕಾರ ವೈದ್ಯರ ಚೀಟಿಯಿಲ್ಲದೆ ಈ ಮಾತ್ರೆಯನ್ನು ಮಾರುವಂತಿಲ್ಲ. ಮಾತ್ರೆ ಪಟ್ಟಿಯ ಹಿಂಬದಿಯಲ್ಲಿ ಹಾಗೆಂದು ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿಯೂ ಇದೆ. ಆದರೆ ಯಾವುದೇ ಬಡಾವಣೆಯ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಏಳು ಗಂಟೆಗೆ ನಿಂತು ನೋಡಿ. ‘ಅಣ್ಣಾ, ಗ್ಯಾಸ್ ಮಾತ್ರೆ ನಾಲ್ಕು ಕೊಡಿ’ ಎಂಬ ದನಿ ಕೇಳಿದೊಡನೆ ಅಂಗಡಿಯವರು ತಲೆಯೆತ್ತದೆಯೇ ಪಟ್ಟಿಯನ್ನೆಳೆದು ಕತ್ತರಿಯಿಂದ ನಾಲ್ಕನ್ನು ಕತ್ತರಿಸುತ್ತಾರೆ. ಆ ಕತ್ತರಿ ಎಂಥ ನಿಪುಣ ಕತ್ತರಿಯೆಂದರೆ, ಔಷಧದ ಹೆಸರಿನ ಅರ್ಧ, ಅವಧಿ ಮುಗಿಯುವ ತಾರೀಖು, ಕಾನೂನಿನ ಆ ಎಚ್ಚರಿಕೆ ಇವೆಲ್ಲ ಅಂಗಡಿಯಲ್ಲೇ ಉಳಿಯುವ ತುಂಡಿಗೆ ಸೇರಿಹೋಗಿ, ಗಿರಾಕಿಯ ಕೈಗೆ ಬರುವ ತುಂಡು ಸಕಲ ಉಪಾಧಿಗಳಿಂದಲೂ ಮುಕ್ತವಾಗಿರುತ್ತದೆ.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಅಂಗವನ್ನು ಯಾರೂ ಮಾತನಾಡಿಸಿಲ್ಲ. ಜಠರದ ಕೆಳಗೆ ಸುಮಾರು ಆರು ಮೀಟರ್ ಉದ್ದಕ್ಕೆ ಸುರುಳಿ ಸುತ್ತಿ ಮಲಗಿರುವ, ನಾವು ತಿಂದದ್ದನ್ನು ನಿಜವಾಗಿ ಮೈಗೂಡಿಸುವ ಸಣ್ಣ ಕರುಳೇ ಅದು. ಬಾಯಿಂದ ಇಳಿಸುವ ಎಂಡೊಸ್ಕೋಪಿನ ಕೊಳವೆ ಅದರ ಮೊದಲ ತುಂಡನ್ನು ಮುಟ್ಟಿ ಹಿಂದಿರುಗುತ್ತದೆ, ಕೆಳಗಿನಿಂದ ಹೋಗುವ ಕೊಳವೆ ಕೊನೆಯ ತುಂಡಿನಲ್ಲಿ ಇಣುಕಿ ಬರುತ್ತದೆ. ನಡುವಿನದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬೀಳದ್ದಕ್ಕೆ ತೊಂದರೆಯೂ ಇರಲಾರದೆಂಬ ಸರ್ಕಾರಿ ಕಚೇರಿಗಳ ತರ್ಕವೇ ವೈದ್ಯಶಾಸ್ತ್ರಕ್ಕೂ ಸಾಕಾಗಿತ್ತು. 2001ರಿಂದೀಚೆಗೆ ನುಂಗುವ ಕ್ಯಾಮೆರಾ ಬಳಕೆಗೆ ಬಂದು, ದೀರ್ಘಕಾಲ ಡೈಕ್ಲೋಫೆನಾಕಿನಂಥ ನೋವಿನ ಮಾತ್ರೆ ತಿನ್ನುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಸಣ್ಣ ಕರುಳಿನಲ್ಲಿ ಕೆಂಪು ತರಚುಗಳೂ ಹುಣ್ಣುಗಳೂ ಕಂಡವು. ಪ್ಯಾಂಟೊಪ್ರಜೋಲ್ ಜಠರವನ್ನು ಇಂಥ ಹುಣ್ಣಿನಿಂದ ಕಾಪಾಡುವುದು ನಿಜ. ಆದರೆ ಸಣ್ಣ ಕರುಳಿನ ಗಾಯಕ್ಕೆ ಆಮ್ಲ ಕಾರಣವೇ ಅಲ್ಲವಾದ್ದರಿಂದ, ಆಮ್ಲವನ್ನು ನಿಲ್ಲಿಸಿದ್ದರಿಂದ ಅದಕ್ಕೆ ಆಗಬೇಕಾದ ಉಪಕಾರವೇನೂ ಇಲ್ಲ. ಅಪಕಾರವೇ ಆಗಬಹುದೆಂದು 2011ರಲ್ಲಿ ಕೆನಡಾದ ಸಂಶೋಧಕರು ಇಲಿಗಳಲ್ಲಿ ತೋರಿಸಿದರು: ಎರಡೂ ಬಗೆಯ ಔಷಧ ತಿಂದ ಇಲಿಗಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಕುಗ್ಗಿ, ನೋವಿನ ಮಾತ್ರೆಯಿಂದಾಗುವ ಗಾಯ ಇನ್ನಷ್ಟು ಹೆಚ್ಚಿತು. ಇಲಿಗೂ ಮನುಷ್ಯನಿಗೂ ವ್ಯತ್ಯಾಸವುಂಟು. ಪ್ರಯೋಗಾಲಯದಲ್ಲಿ ಇಲಿಯ ಹೆಸರಿಗೊಂದು ದಾಖಲೆ ಇಡುತ್ತಾರೆ.

ಈಗ ಮೊಣಕಾಲು ನೋವಿನ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ನೋವಿಗೆ ಡೈಕ್ಲೋಫೆನಾಕ್ ಬರೆದರು, ಅದು ಹೊಟ್ಟೆ ಕೆಡಿಸದಿರಲೆಂದು ಪ್ಯಾಂಟೊಪ್ರಜೋಲ್ ಬರೆದರು. ತಿಂಗಳುಗಳು ಉರುಳಿದಂತೆ ಸಣ್ಣ ಕರುಳು ಯಾರಿಗೂ ಹೇಳದೆ ಹನಿಹನಿಯಾಗಿ ರಕ್ತ ಸೋರಿಸಿತು. ಅಜ್ಜಿಗೆ ಸುಸ್ತು, ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ. ಕಬ್ಬಿಣಾಂಶದ ಮಾತ್ರೆ ಬಂತು. ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಆಮ್ಲ ಬೇಕು, ಆಮ್ಲದ ಪಂಪನ್ನು ನಾವೇ ನಿಲ್ಲಿಸಿದ್ದೇವೆ. ಆದ್ದರಿಂದ ಕಬ್ಬಿಣದ ಮಾತ್ರೆಯನ್ನು ಎರಡು ಮಾಡಲಾಯಿತು. ಎರಡಾದ ಮೇಲೆ ಅಜ್ಜಿಗೆ ಹೊಟ್ಟೆ ಉರಿ ಎಂದಾಯಿತು, ಹೊಟ್ಟೆ ಉರಿಯೆಂದರೆ ಪ್ಯಾಂಟೊಪ್ರಜೋಲ್ 1-0-1 ಆಗಬೇಕಾದದ್ದು ಸಹಜ ನ್ಯಾಯ. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಕಾರ್ಬೊನೇಟಿಗೂ ಕರಗಲು ಆಮ್ಲ ಬೇಕಿತ್ತು. ಅಜ್ಜಿ ಶುದ್ಧ ಸಸ್ಯಾಹಾರಿ, ಬಿ12 ಬರುತ್ತಿದ್ದದ್ದು ಹಾಲು ಮೊಸರಿನಿಂದ ಮಾತ್ರ. ಆ ಆಹಾರದಿಂದ ಬಿ12 ಬಿಡಿಸಿಕೊಳ್ಳಲೂ ಆಮ್ಲವೇ ಬೇಕು. ಪಾದ ಜುಮ್ಮೆಂದಿತು, ಇಂಜೆಕ್ಷನ್ ಬಂತು. ಮೊಣಕಾಲು ಮಾತ್ರ ಮೊದಲು ಎಷ್ಟು ನೋಯುತ್ತಿತ್ತೋ ಈಗಲೂ ಅಷ್ಟೇ ನೋಯುತ್ತಿದೆ.

ಇದಕ್ಕೆಲ್ಲ ಕಲಶವಿಟ್ಟಂತೆ ವಾಯುವಿನ ಪ್ರಕರಣವಿದೆ. ಬಾಯಿಂದ ಇಳಿಯುವ ಸೂಕ್ಷ್ಮಜೀವಿಗಳನ್ನು ದಾರಿಯಲ್ಲೇ ಸುಡುವುದು ಜಠರದ ಆಮ್ಲಕ್ಕೆ ಪ್ರಕೃತಿ ವಹಿಸಿದ ಕೆಲಸಗಳಲ್ಲೊಂದು. ಆಮ್ಲ ಇಳಿದಾಗ ಅವು ನಿರಾತಂಕವಾಗಿ ಸಣ್ಣ ಕರುಳಿಗೆ ಹೋಗುತ್ತವೆ, ಕೆಲವರಲ್ಲಿ ಅಲ್ಲೇ ಬಿಡಾರ ಹೂಡಿ ಹೆಚ್ಚುತ್ತವೆ, ನಾವು ತಿಂದ ಅನ್ನ ಬೇಳೆಯನ್ನು ನಮಗಿಂತ ಮುಂಚೆ ತಿಂದು ಹುಳಿಸಿ ಗಾಳಿ ಬಿಡುತ್ತವೆ. ಹೊಟ್ಟೆ ಉಬ್ಬರಿಸುತ್ತದೆ. ಉಬ್ಬರಿಸಿದ ಹೊಟ್ಟೆಯ ಒಡೆಯರು ಗ್ಯಾಸ್ ಹೆಚ್ಚಾಯಿತೆಂದು ತೀರ್ಮಾನಿಸಿ ನೇರವಾಗಿ ಎಲ್ಲಿಗೆ ನಡೆಯುತ್ತಾರೆಂಬುದು ಏಳು ಗಂಟೆಯ ಆ ಕತ್ತರಿಗೆ ಗೊತ್ತು. ಕರುಳಿನ ತೀವ್ರ ಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಸೋಂಕಿಗೂ ಈ ಔಷಧಗಳಿಗೂ ನಂಟಿರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು.

ಹಾಗಾದರೆ ನಿಲ್ಲಿಸಬಾರದೇ ಎಂದು ಕೇಳುವವರಿಗೆ ಡೆನ್ಮಾರ್ಕಿನ ಉತ್ತರವಿದೆ. ಅಲ್ಲಿ ಹೊಟ್ಟೆಯ ಯಾವ ತೊಂದರೆಯೂ ಇಲ್ಲದ 120 ಆರೋಗ್ಯವಂತರಲ್ಲಿ ಅರ್ಧ ಜನರಿಗೆ ಎಂಟು ವಾರ ಇದೇ ಕುಲದ ಎಸೊಮೆಪ್ರಜೋಲ್ ಕೊಟ್ಟು, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು, ಆಮೇಲಿನ ನಾಲ್ಕು ವಾರ ಯಾರಿಗೂ ತಿಳಿಸದೆ ಎಲ್ಲರಿಗೂ ಹುಸಿ ಮಾತ್ರೆಯನ್ನೇ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಲ್ಲಿಸಿದ ಬಳಿಕದ ವಾರಗಳಲ್ಲಿ ಔಷಧ ತಿಂದಿದ್ದವರಲ್ಲಿ ಶೇ 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ಬಾಧೆ ಕಾಣಿಸಿತು. ಹುಸಿ ಮಾತ್ರೆಯವರಲ್ಲಿ ಶೇ 15 ಮಂದಿಗೆ ಮಾತ್ರ. ಇಲ್ಲದ ಕಾಯಿಲೆಗೆ ಕೊಟ್ಟ ಮಾತ್ರೆ ನಿಲ್ಲಿಸಿದೊಡನೆ ಅದೇ ಕಾಯಿಲೆ ಹುಟ್ಟಿ, ಮಾತ್ರೆ ಎಷ್ಟು ಅಗತ್ಯವಾಗಿತ್ತೆಂದು ಸಾಕ್ಷಿ ನುಡಿಯುವ ಈ ಏರ್ಪಾಡನ್ನು ಕಂಡು ಉಳಿದ ವ್ಯಾಪಾರಗಳವರು ಕರುಬಬೇಕು. ಎರಡು ಇದ್ದದ್ದನ್ನು ಒಂದಕ್ಕಿಳಿಸಿ, ದಿನ ಬಿಟ್ಟು ದಿನ ಮಾಡಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಬಿಡುವ ಕ್ರಮವೊಂದಿದೆ. ಅದನ್ನು ತಿಳಿಯಲೆಂದು ನಮ್ಮ ಅಜ್ಜಿ ಮತ್ತೆ ಆಸ್ಪತ್ರೆಗೆ ಹೋದರು.

‘ಈ ಮಾತ್ರೆ ಎಷ್ಟು ದಿನ ತಗೋಬೇಕು ಸಾರ್?’

‘ಬೇರೆ ಮಾತ್ರೆಗಳು ಇರೋವರೆಗೂ ತಗೊಳ್ಳಿ ಅಜ್ಜಿ.’

‘ಬೇರೆ ಮಾತ್ರೆಗಳು ಎಷ್ಟು ದಿನ?’

ವೈದ್ಯರು ಚೀಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮಾತ್ರೆಗಳ ಸಂಖ್ಯೆ ಬಹಳವಾಯಿತೆಂದು ಮರುಗಿ, ಇಷ್ಟೊಂದು ಮಾತ್ರೆ ನುಂಗಿದರೆ ಹೊಟ್ಟೆ ತಡೆಯುವುದಿಲ್ಲವೆಂಬ ಕಾಳಜಿಯಿಂದ ಮೊದಲ ಸಾಲಿನ ಕೆಳಗೆ ಒಂದು ಗೆರೆ ಎಳೆದು, ಇದನ್ನು ಮಾತ್ರ ತಪ್ಪಿಸಬೇಡಿ ಎಂದರು.